ಗೋಡೆಗೊರಗಿ ಕೂರುವ ಭಾವ

ನಿಮ್ಮ ಮನೆಯ ಗೋಡೆಯಲ್ಲಿ ಬಿರುಕಿದ್ದರೆ ದಯವಿಟ್ಟು ನಮ್ಮ ಭಾವನವರನ್ನು ಊಟಕ್ಕೆ ಕರೆಯಬೇಡಿ. ಬಿರುಕಿಲ್ಲದಿದ್ದರಂತೂ ಕರೆಯಲೇಬೇಡಿ. ಸಿಗುವ ತನಕ ಹುಡುಕುತ್ತಾರೆ, ಅಷ್ಟರಲ್ಲಿ ಸಾರು ಆರಿಹೋಗುತ್ತದೆ!

ಭಾವ ಎಂದರೆ ನಮ್ಮಕ್ಕನ ಗಂಡ. ಹುಟ್ಟಿದ್ದು ಚಿತ್ರದುರ್ಗದಲ್ಲಿ, ಓದಿದ್ದು ಗಣಿ ಇಂಜಿನಿಯರಿಂಗು, ಸಂಸಾರ ಹೂಡಿದ್ದು ದೆಹಲಿಯ ಜನಕಪುರಿಯಲ್ಲಿ. ಕಲ್ಲಿನ ಕ್ವಾರಿ ತೆರೆಯಬೇಕು ಎನ್ನುವವರಿಗೆ ಎಲ್ಲಿ ಎಷ್ಟು ಮದ್ದು ತುಂಬಿ ಸಿಡಿಸಬೇಕು, ಗುಡ್ಡವನ್ನು ಯಾವ ಓರೆಗೆ ಕಡಿದರೆ ಅದು ಜಾರದೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿಕೊಡುವುದು ಅವರ ಉದ್ಯೋಗ. ಉದ್ಯೋಗ ಎಂದರೆ ಬೆಳಿಗ್ಗೆ ಹೋಗಿ ಸಂಜೆ ಬಿಟ್ಟುಬರುವಂಥದ್ದು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಪುಣ್ಯ. ನಮ್ಮ ಭಾವ ಅದನ್ನು ಮನೆಗೂ ತರುತ್ತಾರೆ, ಮದುವೆಮನೆಗೂ ತರುತ್ತಾರೆ, ತರಕಾರಿ ಗಾಡಿಯ ಮುಂದಕ್ಕೂ ತರುತ್ತಾರೆ. ಅವರ ಕಣ್ಣಿಗೆ ಜಗತ್ತಿನಲ್ಲಿರುವುದು ಎರಡೇ ಜಾತಿ: ಈಗಾಗಲೇ ಕುಸಿದದ್ದು, ಇನ್ನು ಮೇಲೆ ಕುಸಿಯಲಿರುವುದು. ಎರಡಕ್ಕೂ ಸೇರದ್ದು ಅವರ ಲೆಕ್ಕವೊಂದೇ. "ಬೆಟ್ಟ ತಪ್ಪು ಮಾಡಬಹುದಮ್ಮಾ, ನಾನು ಮಾಡಲ್ಲ" ಎಂದು ಅವರು ಹೇಳುವಾಗ ಮುಖದಲ್ಲಿ ನಗುವಿನ ಎಳೆಯೂ ಇರುವುದಿಲ್ಲ.

ಈ ಆತ್ಮವಿಶ್ವಾಸ ನಿನ್ನೆ ಮೊನ್ನೆಯದಲ್ಲ. ಅಕ್ಕನನ್ನು ನೋಡಲು ತುಮಕೂರಿನ ನಮ್ಮ ಮನೆಗೆ ಬಂದ ದಿನವೇ ಅದರ ದರ್ಶನವಾಗಿತ್ತು. ಅಕ್ಕ ರೇಷ್ಮೆ ಸೀರೆಯುಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಬಂದರೆ ವರಮಹಾಶಯರು ಕಿಟಕಿಯಾಚೆ ನೋಡುತ್ತ ಕೂತಿದ್ದರು! ನಾನಾಗ ಹೈಸ್ಕೂಲು ಹುಡುಗಿ. ಬಾಗಿಲ ಸಂದಿಯಿಂದ ನೋಡುತ್ತಿದ್ದವಳಿಗೆ ಹುಡುಗನ ಕಣ್ಣಿನಲ್ಲೇ ಏನೋ ಐಬಿರಬೇಕು ಅನ್ನಿಸಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗಿ ಒಪ್ಪಿಗೆಯೇನಪ್ಪಾ?" ಎಂದು ಕೇಳಿದರು.

"ಹುಡುಗಿ ಒಪ್ಪಿಗೆ ಸಾರ್. ಕಾಂಪೌಂಡು ಒಪ್ಪಿಗೆ ಇಲ್ಲ. ಮಳೆಗಾಲಕ್ಕೆ ಮುಂಚೆ ಕೆಡವಿಸಿಬಿಡಿ."

ಅಪ್ಪನಿಗೆ ಉರಿದುಹೋಯಿತು. ಅದು ಅವರಪ್ಪ ನಿಂತು ಕಟ್ಟಿಸಿದ ಕಾಂಪೌಂಡು! ಹುಡುಗನ ಓದು ನೋಡಿ ಮದುವೆಗೆ ಒಪ್ಪಿದರೇ ಹೊರತು ಗೋಡೆಯ ತಂಟೆಗೆ ಹೋಗಲಿಲ್ಲ. ಆಷಾಢದ ಮೊದಲ ಜಡಿಮಳೆಗೆ ಗೋಡೆ ಪಕ್ಕದ ಮನೆಯವರ ಕನಕಾಂಬರದ ಮಡಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಿತು. ಆಮೇಲೆ ಅಪ್ಪ ದೇವರ ಪಟಕ್ಕೆ ಒಂದು ಮೊಳೆ ಹೊಡೆಸಬೇಕಾದರೂ "ಅಳಿಯಂದ್ರನ್ನ ಒಂದು ಮಾತು ಕೇಳಿ" ಎನ್ನುತ್ತಿದ್ದರು.

ಮದುವೆಯಾಗಿ ನಾನೂ ದೆಹಲಿಗೇ ಬಂದೆ. ವಸಂತ್ ಕುಂಜ್‌ನಲ್ಲಿ ಸರ್ಕಾರದವರು ಕಟ್ಟಿದ ಒಂದು ಹಳೆಯ ಫ್ಲ್ಯಾಟು ಕೊಂಡು ಹಾಲುಕ್ಕಿಸಿದ ದಿನ ಬಂದವರೆಲ್ಲ ಬೆಳ್ಳಿ ಬಟ್ಟಲು, ಕುಕ್ಕರು, ಗೋಡೆ ಗಡಿಯಾರ ತಂದರು. ಭಾವ ತಂದದ್ದು ಗಾಜಿನ ಪಟ್ಟಿ ಮತ್ತು ಒಂದು ಪೊಟ್ಟಣ ಪ್ಲಾಸ್ಟರ್ ಆಫ್ ಪ್ಯಾರಿಸ್. ಪುರೋಹಿತರು ಮಂತ್ರ ಹೇಳುತ್ತಿರುವಾಗಲೇ ಇವರು ಹಾಲ್‌ನ ಗೋಡೆಯಲ್ಲೊಂದು ಕೂದಲೆಳೆಯ ಬಿರುಕು ಪತ್ತೆಮಾಡಿ, ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನಿಟ್ಟು ಎರಡು ತುದಿಗೂ ಗಾರೆ ಮೆತ್ತಿದರು. ಗೋಡೆ ಒಂದಿಷ್ಟು ಅಲುಗಾಡಿದರೂ ಗಾಜು ಪಟ್ಟನೆ ಮುರಿಯುತ್ತದಂತೆ. ಮುರಿಯದಿದ್ದರೆ ಬಿರುಕು ಬೆಳೆಯುತ್ತಿಲ್ಲ, ನಿಶ್ಚಿಂತೆಯಿಂದ ಮಲಗಬಹುದಂತೆ. ನಿಶ್ಚಿಂತೆ ಎಲ್ಲಿಂದ ಬರಬೇಕು? ನಾನು ಎದ್ದ ಕೂಡಲೇ ದೇವರ ಮುಖ ನೋಡುವ ಬದಲು ಆ ಗಾಜಿನ ಮುಖ ನೋಡುವಂತಾಯಿತು.

ಮೇಲಿನ ಮನೆಯ ಪಂಜಾಬಿ ಆಂಟಿ ಸಕ್ಕರೆ ಕೇಳಲು ಬಂದವರು "ಯೇ ಕ್ಯಾ ಹೈ ಜೀ?" ಎಂದು ಕೇಳಿದರು. ನಮ್ಮ ಜೀಜಾಜಿ ದೊಡ್ಡ ಇಂಜಿನಿಯರು, ಮನೆಗೆ ಒಳ್ಳೆಯದಾಗಲಿ ಅಂತ ಹಾಕಿದ್ದಾರೆ ಎಂದೆ. ಅಷ್ಟೇ ನಾನು ಹೇಳಿದ್ದು! ತಿಂಗಳೊಳಗೆ ನಮ್ಮ ಕಟ್ಟಡದ ಎಲ್ಲ ಮನೆಗಳ ಗೋಡೆಯ ಮೇಲೂ ಗಾಜಿನ ಪಟ್ಟಿ. ಬಿರುಕಿದ್ದವರು ಬಿರುಕಿನ ಮೇಲೆ, ಇಲ್ಲದವರು ನುಣ್ಣನೆ ಗೋಡೆಯ ಮೇಲೆ! ಒಂದು ಮನೆಯಲ್ಲಂತೂ ಅದಕ್ಕೆ ಕುಂಕುಮವನ್ನೂ ಹಚ್ಚಿದ್ದರು. ಸೌತ್ ಇಂಡಿಯನ್ ವಾಸ್ತು ಎಂದು ಹೆಸರೂ ಬಿತ್ತು. ಭಾವ ಬಂದಾಗ ಇದನ್ನೆಲ್ಲ ತೋರಿಸಿ, ಈಗಲಾದರೂ ನಾಚಿಕೊಳ್ಳುತ್ತಾರೆ ಎಂದು ಕಾದೆ. ಅವರು ಒಂದೊಂದು ಮನೆಗೂ ಹೊಕ್ಕು ನೋಡಿ ಬಂದು, "ಗಾರೆ ತೆಳುವಾಗಿ ಕಲಸಿದ್ದಾರೆ" ಎಂದು ಗೊಣಗಿ, ಎಲ್ಲವನ್ನೂ ಕಿತ್ತು ಹೊಸದಾಗಿ ಮೆತ್ತಿಕೊಟ್ಟು ಹೋದರು.

ಇನ್ನು ಇಳಿಜಾರಿನ ವಿಷಯ. ನೀವು ತರಕಾರಿ ಗಾಡಿಯಲ್ಲಿ ಟೊಮೇಟೊ ಹೇಗೆ ಆರಿಸುತ್ತೀರಿ? ಕೈಗೆ ಸಿಕ್ಕಿದ್ದನ್ನು ತಾನೇ? ಅಕ್ಕನೂ ಹಾಗೇ ಮಾಡಿದಳು. ಜನಕಪುರಿಯ ವಾರದ ಬಜಾರಿನಲ್ಲಿ ರಾಶಿಯ ಬುಡದಲ್ಲಿದ್ದ ಕೆಂಪನೆಯ ಹಣ್ಣಿಗೆ ಕೈ ಹಾಕಿದ್ದೇ ತಡ, ಭಾವ ಹಿಂದಿನಿಂದ "ಬುಡಕ್ಕೆ ಕೈ ಹಾಕ್ಬೇಡ!" ಎಂದು ಕೂಗಿದರು. ಅಕ್ಕ ಬೆಚ್ಚಿ ಹಣ್ಣನ್ನು ಕಿತ್ತೇಬಿಟ್ಟಳು. ರಾಶಿ ರಾಶಿಯೇ ಜಾರಿ ರಸ್ತೆಗೆ ಉರುಳಿತು. ಭಾವ ಹಣ್ಣು ಆರಿಸಲು ಬಗ್ಗಿದರೆಂದುಕೊಂಡಿರಾ? ಇಲ್ಲ! ಉಳಿದ ರಾಶಿಯ ಮುಂದೆ ನಿಂತು ಗಾಡಿಯವನಿಗೆ ಪಾಠ ಶುರು ಮಾಡಿದರು: ನೋಡು ಭಯ್ಯಾ, ಯಾವ ರಾಶಿಯಾದರೂ ತನ್ನ ಕಾಲ ಮೇಲೆ ನಿಂತಿರುತ್ತದೆ, ಕಾಲು ಕತ್ತರಿಸಿದರೆ ತಲೆ ಕೆಳಗೆ ಬರಲೇಬೇಕು. ಭಯ್ಯಾ ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಬಾಬೂಜೀ, ಟಮಾಟರ್ ಲೇನೇ ಹೈಂ ಯಾ ಪಢಾನೇ ಹೈಂ?" ಎಂದ. ಟೊಮೇಟೊ ಕೊಳ್ಳಬೇಕೋ, ಅದಕ್ಕೆ ಪಾಠ ಹೇಳಬೇಕೋ? ಬೈಸಿಕೊಂಡವರು ಭಾವ, ನಾಚಿ ನೀರಾದವಳು ಅಕ್ಕ. ಒಡೆದ ಹಣ್ಣನ್ನೆಲ್ಲ ಕೊಂಡುತಂದು ನಾಲ್ಕು ಮನೆಗೆ ಗೊಜ್ಜು ಮಾಡಿ ಹಂಚಿದಳು.

ಮನೆಯೊಳಗೂ ಅಷ್ಟೇ. ಅಕ್ಕನ ಬೀರು ತೆಗೆದರೆ ಸೀರೆಗಳು ಮೈಮೇಲೆ ಬೀಳುತ್ತಿದ್ದವು. ಯಾರ ಮನೆಯಲ್ಲಿ ಬೀಳುವುದಿಲ್ಲ ಹೇಳಿ? ಒಂದು ಭಾನುವಾರ ಭಾವ ತಾವೇ ಕೂತು ಎಲ್ಲ ಸೀರೆಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಗುಡ್ಡವನ್ನು ಕಡಿಯುವುದೂ ಹೀಗೇ ಅಂತೆ: ನೆಟ್ಟಗೆ ಗೋಡೆಯ ಹಾಗೆ ಕಡಿಯದೆ, ಒಂದು ಎತ್ತರ ಬಂದ ಮೇಲೆ ಅಗಲವಾದ ಮೆಟ್ಟಿಲು ಬಿಡಬೇಕು. ಮೇಲಿನಿಂದ ಏನಾದರೂ ಜಾರಿದರೆ ಅಲ್ಲೇ ತಂಗುತ್ತದೆ, ತಳದವರೆಗೆ ಬರುವುದಿಲ್ಲ. ಬೀರು ಈಗ ಭದ್ರವಾಗಿ ನಿಂತಿತು, ಒಂದು ಕುಪ್ಪಸವೂ ಜಾರಲಿಲ್ಲ. ಒಂದೇ ತೊಂದರೆಯೆಂದರೆ ಅರ್ಧದಷ್ಟು ಸೀರೆಗಳು ಹೊರಗೇ ಉಳಿದವು!

"ಇದ್ಯಾವ ಸೀಮೆ ಜೋಡಣೆ ರೀ? ಮಿಕ್ಕಿದ್ದನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

"ಸುರಕ್ಷತೆ ಬೇಕು ಅಂದ್ರೆ ಜಾಗ ಬಿಡ್ಬೇಕು ಕಣೇ. ಕ್ವಾರಿ ಮಾಲೀಕರೂ ನಿನ್ನ ಹಾಗೇ ಕಿರುಚ್ತಾರೆ."

"ಮಾಮ್, ಜಾನೇ ದೋ ನಾ" ಎಂದು ಅವರ ಮಗಳು ನಡುವೆ ಬಂದಳು. ಹುಟ್ಟಿದ್ದೂ ಬೆಳೆದದ್ದೂ ದೆಹಲಿಯಲ್ಲೇ ಆದದ್ದರಿಂದ ಅವಳ ಕನ್ನಡ ಎರಡು ಮಾತು ನಡೆದು ಮೂರನೆಯದಕ್ಕೆ ಹಿಂದಿಯ ಆಟೋ ಹತ್ತುತ್ತದೆ. "ಪಪ್ಪಾ ಜೊತೆ ಆರ್ಗ್ಯು ಮಾಡ್ಬೇಡ, ಎನರ್ಜಿ ವೇಸ್ಟ್ ಹೋತೀ ಹೈ."

ಸಿಡಿಮದ್ದಿನ ಕೆಲಸದವರ ಮನೆಯಲ್ಲಿ ದೀಪಾವಳಿ ಹೇಗಿರಬಹುದು ಎಂಬ ಕುತೂಹಲ ನಿಮಗಿರುತ್ತದೆ. ಹೇಳುತ್ತೇನೆ: ಶ್ರಾದ್ಧದ ಹಾಗಿರುತ್ತದೆ. ದೆಹಲಿಯಲ್ಲಿ ಪಟಾಕಿಗೆ ಮೊದಲೇ ನೂರೆಂಟು ಕಟ್ಟಳೆ. ಒಂದು ವರ್ಷ ಅನುಮತಿ ಸಿಕ್ಕಿ, ಕಾಲೊನಿಯ ಪಾರ್ಕಿನಲ್ಲಿ ಎಲ್ಲರೂ ಸೇರಿ ಹಚ್ಚುವುದೆಂದಾಗಿ, ಉಸ್ತುವಾರಿಯನ್ನು ನಂಬಿಕಸ್ಥರಿಗೆ ಕೊಡೋಣ ಎಂದು ಭಾವನಿಗೆ ವಹಿಸಿದರು. ಅವರು ನಾಲ್ಕು ದಿಕ್ಕಿಗೂ ಕೆಂಪು ಬಾವುಟ ನೆಡಿಸಿದರು. ಸೀಟಿ ಊದಿದರು. ಅಜ್ಜಿಯಂದಿರನ್ನೆಲ್ಲ ಬೆಂಚಿನಿಂದ ಎಬ್ಬಿಸಿ ಬೇಲಿಯಾಚೆ ನಿಲ್ಲಿಸಿದರು. ಮೊದಲ ಪಟಾಕಿ ಹಚ್ಚಿದರೆ, ಗ್ರಹಚಾರ, ಅದು ಠುಸ್ ಎಂದಿತು. ಸರಿ! ಸಿಡಿಯದೆ ಉಳಿದ ಮದ್ದಿನ ಹತ್ತಿರ ಬಹಳ ಹೊತ್ತು ಯಾರೂ ಸುಳಿಯಬಾರದೆಂಬುದು ಅವರ ಕಸುಬಿನ ನಿಯಮ. ಇಡೀ ಕಾಲೊನಿ ಆ ಸತ್ತ ಪಟಾಕಿಯನ್ನು ನೋಡುತ್ತ ಮೌನವಾಗಿ ನಿಂತಿತು. ಅವರು ಕೊನೆಗೆ "ಆಲ್ ಕ್ಲಿಯರ್" ಎಂದು ಕೂಗುವ ಹೊತ್ತಿಗೆ ಪಟಾಕಿಗೆ ಕೊಟ್ಟಿದ್ದ ಸಮಯವೇ ಮುಗಿದುಹೋಗಿತ್ತು.

ಹಾಗೆಂದು ಅವರ ವಿದ್ಯೆಯನ್ನು ಹಗುರವಾಗಿ ತಿಳಿಯಬೇಡಿ. ಬಂಡೆಯಲ್ಲಿ ಸಾಲಾಗಿ ತೂತು ಕೊರೆದು ಮದ್ದು ತುಂಬುತ್ತಾರಲ್ಲ, ಎಲ್ಲವನ್ನೂ ಒಂದೇ ಏಟಿಗೆ ಸಿಡಿಸಿದರೆ ನೆಲ ನಡುಗಿ ಸುತ್ತಲ ಮನೆಗಳು ಬಿರುಕು ಬಿಡುತ್ತವೆ. ಕಣ್ಣೆವೆಯಿಕ್ಕುವುದರೊಳಗೇ, ಒಂದರ ಹಿಂದೊಂದು ಚೂರು ಚೂರು ತಡವಾಗಿ ಸಿಡಿಯುವಂತೆ ಜೋಡಿಸಿದರೆ ಕಲ್ಲೂ ಒಡೆಯುತ್ತದೆ, ಮನೆಯೂ ಉಳಿಯುತ್ತದೆ. "ಹಬ್ಬಕ್ಕೆ ಐವತ್ತು ಜನ ನೆಂಟರು ಒಟ್ಟಿಗೆ ಬಾಗಿಲಿಗೆ ನುಗ್ಗಿದ್ರೆ ನಿಮ್ಮಕ್ಕ ಏನಾಗ್ತಾಳೆ? ಒಬ್ಬೊಬ್ರಾಗಿ ಬಂದ್ರೆ ಎಲ್ರಿಗೂ ಕಾಫಿ ಕೊಡ್ತಾಳೆ. ಭೂಮೀನೂ ಅಷ್ಟೇ ನಾದಿನಮ್ಮಾ" ಎಂದು ನನಗೆ ಬಿಡಿಸಿ ಹೇಳಿದ್ದರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನನಗೂ ತಿಳಿಯಿತು ಎಂದಮೇಲೆ ಅವರ ಪಾಠ ಚೆನ್ನಾಗಿಯೇ ಇರಬೇಕು.

ಅವರಿಗೊಂದು ಪದ್ಧತಿಯಿದೆ. ಹೊಸ ಜಾಗದಲ್ಲಿ ಮೊದಲ ಸಲ ಪರೀಕ್ಷೆಗೆಂದು ಸಿಡಿಸುವಾಗ ಬೇರೆ ಇಂಜಿನಿಯರುಗಳು ದೂರದಲ್ಲೆಲ್ಲೋ ನಿಂತು ದುರ್ಬೀನು ಹಿಡಿದು ನೋಡುತ್ತಾರಂತೆ. ನಮ್ಮ ಭಾವ ಕಲ್ಲು ಹಾರಿ ಬೀಳುವ ಗಡಿಯಿಂದಾಚೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಯಾವುದೋ, ಅದರೊಳಗೆ ಹೋಗಿ ಗೋಡೆಗೊರಗಿ ಕೂತು ಟೀ ಕುಡಿಯುತ್ತಾರೆ! ಲೆಕ್ಕ ತಪ್ಪಿದರೆ ಗೋಡೆ ಮೊದಲು ನನ್ನ ಮೇಲೇ ಬೀಳಲಿ ಎಂಬುದು ಅವರ ಸವಾಲು. ಊರಿನವರ ಅಹವಾಲು ಕೇಳುವ ಸಭೆಗಳಲ್ಲಿ ಈ ಮಾತನ್ನು ಅವರು ಕೊನೆಗೆ ಇಟ್ಟುಕೊಂಡಿರುತ್ತಾರೆ. ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ, ಅರ್ಧ ವಿರೋಧ ಅಲ್ಲೇ ಕರಗುತ್ತದೆ. "ಇವರದ್ದು ಕಂಪನಿ ನಾಟಕ. ಕಡೇ ಸೀನು ಯಾವಾಗ್ಲೂ ಒಂದೇ" ಎಂದು ಅಕ್ಕ ನಗುತ್ತಿದ್ದಳು.

ಆ ನಾಟಕವನ್ನು ಕಣ್ಣಾರೆ ನೋಡುವ ಯೋಗ ನನಗೂ ಬಂತು. ಹರಿಯಾಣದ ಅಂಚಿನಲ್ಲಿ, ನಕ್ಷೆಯ ಪ್ರಕಾರ ಇನ್ನೂ ರಾಜಧಾನಿ ವಲಯಕ್ಕೇ ಸೇರಿದ, ಆದರೆ ಅಲ್ಲಿನ ಎಮ್ಮೆಗಳಿಗೂ ದೆಹಲಿಯ ಹಂಗಿಲ್ಲದ ಒಂದು ಹಳ್ಳಿ. ಸಾಸಿವೆ ಹೊಲಗಳ ನಡುವೆ ಒಂದು ಕಲ್ಲುಗುಡ್ಡ. ಅದನ್ನು ಕ್ವಾರಿ ಮಾಡಲು ಒಬ್ಬ ಸೇಠ್‌ಜಿ ಅರ್ಜಿ ಹಾಕಿದ್ದರು. ಭಾವನ ಸಹಿಯಿಲ್ಲದೆ ಅದು ಮುಂದೆ ಹೋಗುವಂತಿರಲಿಲ್ಲ. ಊರಿನವರ ಸಭೆಯ ದಿನ ಕಾರು ಓಡಿಸಲು ನನ್ನನ್ನು ಕರೆದರು. ಭಾವನಿಗೆ ಡ್ರೈವಿಂಗ್ ಬರುವುದಿಲ್ಲವೇ ಎಂದರೆ, ಬರುತ್ತದೆ, ಆದರೆ ಅವರು ರಸ್ತೆ ನೋಡುವುದಿಲ್ಲ, ಅಕ್ಕಪಕ್ಕದ ಗುಡ್ಡ ನೋಡುತ್ತಾರೆ! ಅಕ್ಕ ಡಬ್ಬಿ ತುಂಬ ಚಿತ್ರಾನ್ನ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಸೇಠ್‌ಜಿಗೂ ಭಾವನಿಗೂ ಅಷ್ಟು ಹೊತ್ತಿಗಾಗಲೇ ಜಟಾಪಟಿ ನಡೆದಿತ್ತು. ಗುಡ್ಡದ ಒಂದು ಪಕ್ಕದಲ್ಲಿ ಬಂಡೆಯ ಪದರಗಳು ಅಗೆಯುವ ಹಳ್ಳದ ಕಡೆಗೇ ವಾಲಿವೆ, ಅಲ್ಲಿ ನೆಟ್ಟಗೆ ಕಡಿದರೆ ಜಾರುತ್ತವೆ, ಓರೆ ಮಾಡಿ ಅಗಲವಾದ ಮೆಟ್ಟಿಲು ಬಿಡಬೇಕು ಎಂದು ಇವರು. ಮೆಟ್ಟಿಲು ಬಿಟ್ಟಷ್ಟೂ ಕಲ್ಲು ಕಮ್ಮಿ ಎಂದು ಅವರು.

"ಇಂಜಿನಿಯರ್ ಸಾಹೇಬ್, ಯೇ ಪಹಾಡ್ ಸದಿಯೋಂ ಸೇ ಖಡಾ ಹೈ!" ಶತಮಾನಗಳಿಂದ ನಿಂತಿರುವ ಗುಡ್ಡ ಈಗೇಕೆ ಬೀಳುತ್ತದೆ ಎಂಬುದು ಸೇಠ್‌ಜಿಯ ವಾದ.

"ಸದಿಯೋಂ ಸೇ ಕಿಸೀನೇ ಇಸ್‌ಕೇ ಪಾಂವ್ ನಹೀಂ ಕಾಟೇ, ಸೇಠ್‌ಜೀ." ಶತಮಾನಗಳಿಂದ ಯಾರೂ ಇದರ ಕಾಲು ಕತ್ತರಿಸಿರಲಿಲ್ಲವಲ್ಲ ಎಂದರು ಭಾವ. ಸೇಠ್‌ಜಿ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಗೆ ಒಪ್ಪಿದ್ದರು.

ಸಭೆ ಶಾಮಿಯಾನದ ಕೆಳಗೆ ನಡೆಯಿತು. ಭಾವ ಮೈಕು ಹಿಡಿದು, ಚಿತ್ರದುರ್ಗದ ಗತ್ತಿನ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದರು. ಕೊನೆಗೆ ಎದೆಯುಬ್ಬಿಸಿ, ಪರೀಕ್ಷೆಯ ದಿನ ನಾನೇ ಅತಿ ಹತ್ತಿರದ ಮನೆಯಲ್ಲಿ ಗೋಡೆಗೊರಗಿ ಕೂತಿರುತ್ತೇನೆ ಎಂದರು. ಚಪ್ಪಾಳೆ ಶುರುವಾಯಿತು. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕೋಲೂರಿಕೊಂಡು ಎದ್ದರು. ಊರಿಗೆಲ್ಲ ಅವರು ದಾದಿ, ಅಂದರೆ ಅಜ್ಜಿ. ಆ ಅತಿ ಹತ್ತಿರದ ಮನೆ ಅವರದೇ.

"ತೂ ತೋ ಬೈಠ್ ಜಾಏಗಾ, ಬೇಟಾ. ತೇರಾ ತೋ ಧಂಧಾ ಹೈ. ತೇರೀ ಘರವಾಲೀ ಬೈಠೇಗೀ?"

ನೀನು ಕೂರುತ್ತೀಯಪ್ಪಾ, ನಿನ್ನ ದಂಧೆಯೇ ಅದು. ನಿನ್ನ ಹೆಂಡತಿ ಬಂದು ಕೂರುತ್ತಾಳಾ? ಚಪ್ಪಾಳೆ ಅಲ್ಲಿಗೇ ನಿಂತಿತು. ಇಷ್ಟು ವರ್ಷದ ಸಭೆಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ! ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಕ್ಕ ಎದ್ದು ನಿಂತು, ಆಟೋದವರ ಜೊತೆ ಜಗಳವಾಡುವ ತನ್ನ ಜನಕಪುರಿ ಗಂಟಲಿನಲ್ಲಿ, "ಬೈಠೂಂಗೀ! ಕ್ಯೋಂ ನಹೀಂ ಬೈಠೂಂಗೀ?" ಎಂದುಬಿಟ್ಟಳು.

"ಏ, ಸುಮ್ನಿರೇ, ಅದೆಲ್ಲ ಬೇಡ" ಎಂದರು ಭಾವ. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಆ ಹಳ್ಳಿಯ ಧ್ವನಿವರ್ಧಕದಲ್ಲಿ ಕನ್ನಡ ಮೊಳಗಿದ್ದು ಬಹುಶಃ ಅದೇ ಮೊದಲು.

ವಾಪಸು ಬರುವಾಗ ಮುಂದೆ ಒಂದು ಲಾರಿ ಜಲ್ಲಿಯನ್ನು ಗೋಪುರದ ಹಾಗೆ ಪೇರಿಸಿಕೊಂಡು, ಮೇಲೊಂದು ಟಾರ್ಪಾಲೂ ಇಲ್ಲದೆ, ದಾರಿಯುದ್ದಕ್ಕೂ ಕಲ್ಲು ಉದುರಿಸುತ್ತ ಹೋಗುತ್ತಿತ್ತು. ಬೇರೆ ದಿನವಾಗಿದ್ದರೆ ಭಾವ ಆ ಲಾರಿಯನ್ನು ನಿಲ್ಲಿಸಿ ಡ್ರೈವರನನ್ನು ಇಳಿಸಿ ಪಾಠ ಹೇಳುತ್ತಿದ್ದರು. "ಭಾವ, ಲಾರಿ ನೋಡಿದ್ರಾ?" ಎಂದು ನಾನೇ ಕೆಣಕಿದೆ. "ಯಾವ ಲಾರಿ?" ಎಂದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಪರೀಕ್ಷೆಗೆ ತಿಂಗಳಿತ್ತು. ಇದ್ದ ಲೆಕ್ಕ ಮುಗಿದು ಸೇಠ್‌ಜಿಯ ಕೈ ಸೇರಿಯಾಗಿತ್ತು. ಆದರೂ ಭಾವ ಮತ್ತೆ ಮೊದಲಿನಿಂದ ಶುರು ಮಾಡಿದರು. "ಚಿಕ್ಕಿ, ಪಪ್ಪಾ ಕೋ ಕುಛ್ ಹೋ ಗಯಾ ಹೈ. ಊಟ ಮಾಡುವಾಗ್ಲೂ ಲ್ಯಾಪ್‌ಟಾಪ್ ನೋಡ್ತಾರೆ, ಅನ್ನಕ್ಕೆ ಮಜ್ಜಿಗೆ ಬದ್ಲು ನೀರು ಹಾಕ್ಕೊಂಡ್ರು" ಎಂದು ಮಗಳು ನನಗೆ ಫೋನು ಮಾಡಿದಳು. ಮರುದಿನ ಭಾವನೇ ಫೋನು ಮಾಡಿದರು, ಕಾಲೇಜಿನ ಹೊತ್ತಿನಲ್ಲಿ!

"ನಾದಿನಮ್ಮಾ, ಒಂದು ವಿಷಯ. ನಿಮ್ಮಕ್ಕ ಚಿಕ್ಕೋಳಿದ್ದಾಗ ಸಿಡಿಲಿಗೆ ಹೆದರ್ತಿದ್ಲಾ?"

"ಸಿಡಿಲೇ ಅವಳಿಗೆ ಹೆದರ್ತಿತ್ತು ಭಾವ. ಯಾಕೆ?"

"ಏನಿಲ್ಲ, ಸುಮ್ನೆ" ಎಂದು ಇಟ್ಟುಬಿಟ್ಟರು.

ಅಕ್ಕನನ್ನು ತಪ್ಪಿಸಲು ಅವರು ಹೂಡದ ಉಪಾಯವಿಲ್ಲ. ನಿನ್ನ ಮಂಡಿನೋವಿಗೆ ಅಷ್ಟು ದೂರದ ಪ್ರಯಾಣ ಆಗದು ಎಂದರು. ಬಿಸಿಲು ಎಂದರು. ಜನ್ಮದಲ್ಲಿ ಪಂಚಾಂಗ ಮುಟ್ಟದವರು ಅವತ್ತು ಅಷ್ಟಮಿ ಎಂದರು! ನಾನು ಜನಕಪುರಿಗೆ ಹೋಗಿದ್ದ ಸಂಜೆ ಅಕ್ಕ ಕಾಫಿ ಲೋಟ ಅವರ ಮುಂದೆ ಕುಕ್ಕಿ ಕೇಳಿಯೇಬಿಟ್ಟಳು.

"ಅಲ್ರೀ, ಇಷ್ಟು ವರ್ಷ ನೀವು ಕೂತಾಗ ಏನೂ ಆಗಲ್ಲ, ನಾನು ಕೂತ್ರೆ ಆಗತ್ತಾ? ಗೋಡೆಗೆ ಯಾರು ಒರಗಿದಾರೆ ಅಂತ ಗೊತ್ತಾಗತ್ತೇನ್ರೀ?"

"ನಂದು ಬೇರೆ ಕಣೇ."

"ಏನು ಬೇರೆ? ನಿಮ್ಮ ಲೆಕ್ಕ ಸರಿ ತಾನೇ?"

"ಸರಿಯಾಗಿದೆ! ನೂರಕ್ಕೆ ನೂರು ಸರಿಯಾಗಿದೆ!" ಎಂದು ಭಾವ ಗುಡುಗಿದರು. ಆಮೇಲೆ ಕಾಫಿ ಮುಟ್ಟದೆ ಎದ್ದು ಹೋಗಿ, ಆ ನೂರಕ್ಕೆ ನೂರು ಸರಿಯಾದ ಲೆಕ್ಕವನ್ನೇ ಮತ್ತೆ ತಿದ್ದತೊಡಗಿದರು. ಒಂದೊಂದು ಏಟಿಗೆ ಸಿಡಿಯುವ ಮದ್ದನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಕ್ವಾರಿಯ ಅಂಚನ್ನು ದಾದಿಯ ಮನೆಯಿಂದ ಇನ್ನಷ್ಟು ಹಿಂದಕ್ಕೆ ಸರಿಸಿದರು. ವಾಲಿದ ಪದರದ ಕಡೆಯ ಮೆಟ್ಟಿಲುಗಳು ಇನ್ನೂ ಅಗಲವಾದವು. ಸೇಠ್‌ಜಿ ಫೋನಿನಲ್ಲಿ ಕೂಗಾಡಿದ್ದು ಅಡಿಗೆಮನೆಯಲ್ಲಿದ್ದ ನಮಗೂ ಕೇಳಿಸಿತು. ಹೀಗೆ ಮೀಸೆ ತೀಡಿದ ಹಾಗೆ ಒಡೆದರೆ ಗುಡ್ಡ ಮುಗಿಯುವುದು ಯಾವ ಜನ್ಮಕ್ಕೆ? ಹಿಂದಿನ ಲೆಕ್ಕಕ್ಕೇನಾಗಿತ್ತು? ಕೊನೆಗೆ, ಆಗಲಿ, ಪರೀಕ್ಷೆಯೊಂದನ್ನು ಈ ಲೆಕ್ಕದಲ್ಲಿ ಮುಗಿಸಿ, ಊರಿನವರು ತೆಪ್ಪಗಾದ ಮೇಲೆ ಹಳೆಯ ಲೆಕ್ಕಕ್ಕೇ ಬರೋಣ ಎಂದರು. ಭಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಎಂದೂ ಯಾರಿಗೂ ಉತ್ತರ ಬಾಕಿ ಉಳಿಸದ ಮನುಷ್ಯ ಸುಮ್ಮನಾದದ್ದು ನನಗೆ ಹಿಡಿಸಲಿಲ್ಲ.

ಪರೀಕ್ಷೆಯ ದಿನ ದಾದಿಯ ಮನೆಗೆ ಹೋದೆವು. ಎರಡು ಕೋಣೆಯ ಇಟ್ಟಿಗೆ ಮನೆ, ಅಂಗಳದಲ್ಲಿ ಒಂದು ಎಮ್ಮೆ. ಅಕ್ಕ ಒಳಗೆ ಹೋದವಳೇ ಗುಡ್ಡದ ಕಡೆಯ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಒಂದು ಪಕ್ಕಕ್ಕೆ ದಾದಿ, ಇನ್ನೊಂದು ಪಕ್ಕಕ್ಕೆ ಭಾವ. ಬಾಗಿಲಿಗೆ ಎದುರಾಗಿ ನಾನು. ನೆಲ ಎಷ್ಟು ನಡುಗುತ್ತದೆಂದು ಅಳೆಯುವ ಯಂತ್ರ ಗೋಡೆಯ ಬುಡದಲ್ಲಿತ್ತು. ದಾದಿ ಎಲ್ಲರಿಗೂ ಹಿತ್ತಾಳೆಯ ಲೋಟದಲ್ಲಿ ಟೀ ಕೊಟ್ಟರು. ಕಂಪನಿ ನಾಟಕದ ಕಡೇ ಸೀನಿನಲ್ಲಿ ನಾಯಕ ಟೀ ಕುಡಿಯಬೇಕಿತ್ತು ತಾನೇ? ನಾಯಕನ ಟೀ ಕೆನೆಗಟ್ಟಿ ಕೂತಿತ್ತು.

ಹೊರಗೆ ಸೈರನ್ ಕೂಗಿತು. ಅಕ್ಕನಿಗೆ ಹಾಡು ಗುನುಗುವಷ್ಟು ನಿರಾಳ. ಭಾವ ಕಣ್ಣು ಮುಚ್ಚಿದ್ದರು, ತುಟಿ ಅಲ್ಲಾಡುತ್ತಿತ್ತು. ಲೆಕ್ಕವೋ ಮಂತ್ರವೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಸೈರನ್ ಕೂಗಿದಾಗ ಅವರ ಕೈ ಹುಡುಕಿಕೊಂಡು ಹೋಗಿ ಅಕ್ಕನ ಕೈ ಹಿಡಿಯಿತು. ಹಸೆಮಣೆಯ ಮೇಲೆ ಹಿಡಿದದ್ದು ಬಿಟ್ಟರೆ ಅವರು ಅವಳ ಕೈ ಹಿಡಿದದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಕ್ಕನ ಗುನುಗು ನಿಂತಿತು. ದಾದಿ ಮುಖ ಆಚೆ ತಿರುಗಿಸಿ ಎಮ್ಮೆಯನ್ನು ನೋಡಿದರು.

ದುಡುಂ ಎಂದಿತು. ದೂರದಲ್ಲಿ ಯಾರೋ ಅಕ್ಕಿಮೂಟೆ ಇಳಿಸಿದಷ್ಟು ಸದ್ದು. ಎಮ್ಮೆ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ.

"ಬಸ್?" ಎಂದರು ದಾದಿ.

"ಇಷ್ಟೇನಾ ರೀ?" ಎಂದಳು ಅಕ್ಕ, ಸ್ವಲ್ಪ ನಿರಾಸೆಯಿಂದಲೇ. "ಇದಕ್ಕೆ ತಿಂಗ್ಳು ಪೂರ್ತಿ ನನ್ನ ನಿದ್ದೆ ಕೆಡಿಸಿದ್ರಾ?"

ಸೇಠ್‌ಜಿ ಕೊನೆಗೆ ಭಾವನ ಮಾತಿಗೆ ಒಪ್ಪಿದರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಇಡೀ ಊರು ಅಂಗಳದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗ ಒಪ್ಪದೆ ಎಲ್ಲಿಗೆ ಹೋಗುತ್ತಾರೆ? ಆದರೆ ಒಳಗೆ ಬಂದಾಗ ಅವರು ಆ ಲೆಕ್ಕಾಚಾರದಲ್ಲಿರಲಿಲ್ಲ. ಲಡ್ಡುವಿನ ಡಬ್ಬಿ ಹಿಡಿದು, ಮುಖವರಳಿಸಿಕೊಂಡು ಬಂದು, ಪರೀಕ್ಷೆ ಪಾಸಾಯಿತಲ್ಲ ಸಾಹೇಬರೇ, ಇನ್ನು ಆ ಹಳೆಯ ಲೆಕ್ಕಕ್ಕೆ ಸಹಿ ಹಾಕಿಬಿಡಿ ಎಂದರು.

ಅಕ್ಕ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ರೀ, ನಿಜ ಹೇಳಿ. ಹಳೇ ಲೆಕ್ಕದಲ್ಲಿ ಸಿಡಿಸಿದ್ರೆ ಈ ಗೋಡೆ ಬೀಳ್ತಿತ್ತಾ?"

"ಬೀಳ್ತಿರ್ಲಿಲ್ಲ. ನಿಯಮದ ಪ್ರಕಾರ ಅದೂ ಸರೀನೇ."

"ಮತ್ಯಾಕೆ ಬದಲಾಯ್ಸಿದ್ರಿ?"

ಭಾವ, "ಆ ಲೆಕ್ಕದಲ್ಲಿ ಮನೆ ಇತ್ತು ಕಣೇ. ಒಳಗೆ ನೀನು ಇರ್ಲಿಲ್ಲ" ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಪ್ರೀತಿಯ ಮಾತು ಅದೊಂದೇ ಇರಬೇಕು. ಅಕ್ಕನ ಮುಖ ಕೆಂಪಾಯಿತು. ಕನ್ನಡ ತಿಳಿಯದ ಸೇಠ್‌ಜಿ ನಮ್ಮೆಲ್ಲರ ಮುಖ ನೋಡಿದರು. ಭಾವ ಅವರ ಕಡೆ ತಿರುಗಿ, ಇವತ್ತು ಸಿಡಿಸಿದ ಲೆಕ್ಕಕ್ಕೇ ನನ್ನ ಸಹಿ, ಬೇರೆ ಯಾವುದಕ್ಕೂ ಇಲ್ಲ ಎಂದು ಅವರ ಭಾಷೆಯಲ್ಲೇ ಹೇಳಿದರು.

ಸೇಠ್‌ಜಿಗೆ ಸಿಟ್ಟು ನೆತ್ತಿಗೇರಿತು. "ಅರೇ ಸಾಹೇಬ್, ಕಲ್ ಸೇ ತೋ ಭಾಭೀಜೀ ಯಹಾಂ ನಹೀಂ ಬೈಠೇಂಗೀ!" ನಾಳೆಯಿಂದ ನಿಮ್ಮ ಮನೆಯವರೇನೂ ಇಲ್ಲಿ ಕೂತಿರುವುದಿಲ್ಲವಲ್ಲ!

ಭಾವ ಅಕ್ಕನ ಕೈ ಬಿಟ್ಟಿರಲಿಲ್ಲ. ಎಂದಿನ ಗತ್ತಿಲ್ಲದೆ, ತೀರ ಸಣ್ಣ ದನಿಯಲ್ಲಿ ಹೇಳಿದರು: "ದಾದೀ ತೋ ಬೈಠೇಂಗೀ."

ದಾದಿ ಕೂತಿರುತ್ತಾರಲ್ಲ. ಅಷ್ಟೇ ಅವರು ಅಂದದ್ದು. ದಾದಿ ಕೋಲು ಬದಿಗಿಟ್ಟು, ಮುಂದಕ್ಕೆ ಬಾಗಿ, ಕೆನೆಗಟ್ಟಿದ ಟೀಯನ್ನು ಅಂಗಳಕ್ಕೆ ಚೆಲ್ಲಿ, ಬಿಸಿಯದನ್ನು ಲೋಟದ ತುಂಬ ಬಗ್ಗಿಸಿ ಭಾವನ ಕೈಗಿತ್ತು, "ಪೀ ಲೇ, ಬೇಟಾ" ಎಂದರು.